ಗರಿ ಮೂಡದ ಗಿಳಿಮರಿಯನ್ನು ಮನೆಗೆ ತರುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಗಿಳಿ ಸಾಕಬಯಸುವವರು ಇನ್ನೂ ಗರಿ ಮೂಡದ ಮರಿಯನ್ನೇ ತಂದು ಕೈಯಾರೆ ತಿನ್ನಿಸಿ ಬೆಳೆಸಬೇಕು, ಆಗ ಮಾತ್ರ ಅದು ಮನೆಯವರಿಗೆ ಹೊಂದಿಕೊಳ್ಳುತ್ತದೆ, ಹಾಲಿನಲ್ಲಿ ನೆನೆಸಿದ ಬ್ರೆಡ್ ಕೊಟ್ಟರೆ ಆಹಾರದ ಚಿಂತೆಯೂ ಇಲ್ಲ ಎಂಬ ಸಲಹೆಯನ್ನು ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಓದಿದೆ. ಸಾಕುಹಕ್ಕಿಗಳ ಚಿಕಿತ್ಸೆಯನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಈ ಸಲಹೆಯ ಒಂದು ಭಾಗವನ್ನೂ ಒಪ್ಪಲಾಗುತ್ತಿಲ್ಲ. ನಮ್ಮ ಬಳಿಗೆ ಬರುವ ಗಿಳಿಮರಿಗಳಲ್ಲಿ ಬಹುಪಾಲು ಕಾಯಿಲೆ ಬಿದ್ದಿರುವುದು ಯಾರೋ ಕ್ರೂರಿಗಳ ಕೈಗೆ ಸಿಕ್ಕಿದ್ದರಿಂದಲ್ಲ. ಅಕ್ಕರೆಯಿಂದ ತಂದು, ತಪ್ಪು ಆಹಾರವನ್ನು ತಪ್ಪು ರೀತಿಯಲ್ಲಿ ಕೊಟ್ಟವರ ಮನೆಗಳಲ್ಲಿ. ಆದ್ದರಿಂದ ಪತ್ರ ಸ್ವಲ್ಪ ದೀರ್ಘವಾದರೂ ದಯವಿಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ.

ಕೋಳಿಮರಿಯು ಮೊಟ್ಟೆಯೊಡೆದ ದಿನವೇ ಎದ್ದು ಓಡಾಡುತ್ತದೆ, ತಾನೇ ಕಾಳು ಹೆಕ್ಕುತ್ತದೆ. ಗಿಳಿಮರಿ ಹಾಗಲ್ಲ. ಕಣ್ಣು ಮುಚ್ಚಿಕೊಂಡೇ, ಮೈಮೇಲೆ ಗರಿಯಿಲ್ಲದೆ ಅಥವಾ ಅಲ್ಪಸ್ವಲ್ಪ ತುಪ್ಪುಳದೊಂದಿಗೆ ಹುಟ್ಟುವ ಅದಕ್ಕೆ ತನ್ನ ಮೈಯ ಶಾಖವನ್ನು ಕಾಪಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ತಾಯಿ ತಂದೆಗಳು ಪೊಟರೆಯೊಳಗೆ ಮೈಯ ಕಾವು ಕೊಟ್ಟು, ತಾವು ತಿಂದು ಅರ್ಧ ಮೆತ್ತಗಾದ ಆಹಾರವನ್ನು ಮೇಲಕ್ಕೆ ತಂದು ಹಗಲಿರುಳು ಗುಟುಕು ಕೊಡುತ್ತವೆ. ಬಜರಿಗಾರ್‌ನಂಥ ಪುಟ್ಟ ಗಿಳಿಯ ಮರಿ ಗೂಡು ಬಿಟ್ಟು ಹೊರಬರಲು ಸುಮಾರು 5 ವಾರ ಬೇಕು. ಕಾಕಟೀಲ್ ಮರಿ ಪೂರ್ತಿಯಾಗಿ ತಾನೇ ತಿನ್ನಲು ಕಲಿಯುವುದು 8ರಿಂದ 10 ವಾರಗಳಿಗೆ. ಆಫ್ರಿಕನ್ ಗ್ರೇ ಮರಿಗೆ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ, ದೊಡ್ಡ ಮಕಾವ್‌ಗಳಿಗೆ ಇನ್ನೂ ಹೆಚ್ಚು. ಎರಡು ಮೂರು ವಾರದ ಮರಿಯನ್ನು ಮನೆಗೆ ತರುವವರು ಉಳಿದ ಅಷ್ಟೂ ಕಾಲದ ತಾಯ್ತನವನ್ನು ತಮ್ಮ ಮೇಲೆ ಹೇರಿಕೊಳ್ಳುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಹಿಂದಿರುಗುವ ಮನೆಯಲ್ಲಿ ಅದು ಸಾಧ್ಯವಾಗುವ ಮಾತಲ್ಲ.

ಚಿಕ್ಕದಿದ್ದಾಗಲೇ ತಂದರೆ ಹೆಚ್ಚು ಪಳಗುತ್ತದೆ ಎಂಬ ನಂಬಿಕೆಯನ್ನು ಮಾರುವವರೂ ಹರಡುತ್ತಾರೆ, ಕೊಳ್ಳುವವರೂ ಸುಲಭವಾಗಿ ನಂಬುತ್ತಾರೆ. ಆರೆಂಜ್ ವಿಂಗ್ಡ್ ಅಮೆಜಾನ್ ಎಂಬ ಜಾತಿಯ ಗಿಳಿಗಳ ಬಗ್ಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದ ಸಂಶೋಧಕರು ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ನಂಬಿಕೆಗೆ ನೇರವಾದ ಉತ್ತರ ಕೊಡುತ್ತದೆ. ಅಲ್ಲಿ ಮರಿಗಳನ್ನು ತಾಯಿ ತಂದೆಗಳಿಂದ ಬೇರ್ಪಡಿಸಲಿಲ್ಲ. ಗೂಡಿನಲ್ಲೇ ಬೆಳೆಯುತ್ತಿದ್ದ ಅವುಗಳನ್ನು ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಮೃದುವಾಗಿ ಕೈಗೆತ್ತಿಕೊಂಡು ಮತ್ತೆ ಗೂಡಿಗೆ ಬಿಡುತ್ತಿದ್ದರು. ಹೀಗೆ ಬೆಳೆದ ಮರಿಗಳು ಮನುಷ್ಯರಿಗೆ ಚೆನ್ನಾಗಿಯೇ ಪಳಗಿದವು. ಇದಕ್ಕೆ ವಿರುದ್ಧವಾಗಿ, ಒಡಹುಟ್ಟಿದ ಮರಿಗಳ ಮುಖವನ್ನೂ ಕಾಣದೆ ಒಬ್ಬಂಟಿಯಾಗಿ ಮನುಷ್ಯನ ಕೈಯಲ್ಲೇ ಬೆಳೆದ ಹಕ್ಕಿ ಪ್ರಾಯಕ್ಕೆ ಬಂದಾಗ ಒಬ್ಬರನ್ನೇ ಹಚ್ಚಿಕೊಂಡು ಉಳಿದವರನ್ನು ಕಚ್ಚುವುದು, ಎಡೆಬಿಡದೆ ಕಿರುಚುವುದು, ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದು ಇವೆಲ್ಲ ನಾವು ಆಗಾಗ ನೋಡುವ ತೊಂದರೆಗಳು. ಇಂಥ ಗಿಳಿಗಳ ಪೈಕಿ ಎಷ್ಟೋ ಹಕ್ಕಿಗಳು ಮನೆಯಿಂದ ಮನೆಗೆ ಕೈ ಬದಲಾಯಿಸುತ್ತ ಹೋಗುತ್ತವೆ. ಆಫ್ರಿಕನ್ ಗ್ರೇ ಗಿಳಿ ಚೆನ್ನಾಗಿ ನೋಡಿಕೊಂಡರೆ 40 ವರ್ಷಕ್ಕೂ ಮೀರಿ ಬದುಕಬಲ್ಲದು ಎಂಬುದನ್ನು ಇಲ್ಲಿ ನೆನೆಯಬೇಕು.

ಇಷ್ಟಾಗಿಯೂ ಕಾರಣ ಯಾವುದೇ ಇರಲಿ, ಮರಿ ಈಗಾಗಲೇ ಮನೆಗೆ ಬಂದುಬಿಟ್ಟಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ತಾಯಿ ಸತ್ತೋ, ಗೂಡು ಬಿಟ್ಟೋ ಅನಾಥವಾದ ಮರಿಗಳೂ ಇರುತ್ತವೆ. ಅಂಥ ಮರಿ ಕೈಗೆ ಬಂದವರು ಮೊದಲ ದಿನವೇ ಹಕ್ಕಿಗಳ ಚಿಕಿತ್ಸೆ ಬಲ್ಲ ಪಶುವೈದ್ಯರಿಗೆ ಮರಿಯನ್ನು ತೋರಿಸುವುದು ಉತ್ತಮ. ಮುಂದಿನ ವಿವರಗಳನ್ನು ಆ ಭೇಟಿಗೆ ಬದಲಿಯಾಗಿ ನಾನು ಬರೆಯುತ್ತಿಲ್ಲ.

ಎಲ್ಲರೂ ಮೊದಲು ಕೇಳುವುದು ಏನು ತಿನ್ನಿಸಬೇಕೆಂದು. ಆದರೆ ಆಹಾರಕ್ಕಿಂತ ಮೊದಲು ಬೇಕಾದದ್ದು ಕಾವು. ಆಗತಾನೆ ಹುಟ್ಟಿದ ಮರಿಗೆ ಸುತ್ತಲಿನ ಶಾಖ ಸುಮಾರು 35ರಿಂದ 36 ಡಿಗ್ರಿ ಸೆಲ್ಸಿಯಸ್ ಇರಬೇಕು. ಮುಳ್ಳಿನಂತೆ ಗರಿಯ ಮೊಳಕೆಗಳು ಮೂಡುತ್ತ ಬಂದ ಹಾಗೆ ಅದನ್ನು ಹಂತಹಂತವಾಗಿ 30ರ ಆಸುಪಾಸಿಗೆ, ಮೈತುಂಬ ಗರಿ ಬಂದ ಮೇಲೆ 25ರ ಆಸುಪಾಸಿಗೆ ಇಳಿಸಬಹುದು. ಥರ್ಮಾಮೀಟರನ್ನು ಪೆಟ್ಟಿಗೆಯ ಗೋಡೆಗೆ ನೇತುಹಾಕಿದರೆ ಸಾಲದು, ಮರಿ ಮಲಗುವ ಮಟ್ಟದಲ್ಲೇ ಇಡಬೇಕು. ಸಂಖ್ಯೆಗಿಂತಲೂ ಮರಿಯ ವರ್ತನೆಯೇ ಹೆಚ್ಚು ಖಚಿತವಾಗಿ ಹೇಳುತ್ತದೆ: ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಬಿಸಿ ಹೆಚ್ಚಾಗಿದೆ, ನಡುಗುತ್ತಿದ್ದರೆ, ಕಾಲು ಮುಟ್ಟಿದಾಗ ತಣ್ಣಗಿದ್ದರೆ ಕಾವು ಸಾಲದಾಗಿದೆ. ಮೈ ತಣ್ಣಗಾದ ಮರಿಗೆ ಏನನ್ನೂ ತಿನ್ನಿಸಬಾರದು. ಅದರ ಜೀರ್ಣಾಂಗಗಳ ಚಲನೆ ನಿಂತಿರುವುದರಿಂದ ಒಳಗೆ ಹೋದ ಆಹಾರ ಅಲ್ಲಿಯೇ ಕೊಳೆಯತೊಡಗುತ್ತದೆ. ಮೊದಲು ನಿಧಾನವಾಗಿ ಬೆಚ್ಚಗಾಗಿಸಿ, ಮರಿ ಚುರುಕಾದ ಮೇಲೆಯೇ ಗುಟುಕು. ಪೆಟ್ಟಿಗೆಯೊಳಗಿನ ಗಾಳಿ ಒಣಗದಂತೆ ಒಂದು ಕಡೆ ನೀರಿನ ಪಾತ್ರೆಯನ್ನು, ಮರಿ ಅದರೊಳಗೆ ಬೀಳದ ಹಾಗೆ ಜಾಲರಿ ಮುಚ್ಚಿ ಇಡಬೇಕು.

ನೆಲಹಾಸಿನ ವಿಷಯವನ್ನು ಯಾರೂ ಗಮನಿಸುವುದಿಲ್ಲ. ನುಣುಪಾದ ಪ್ಲಾಸ್ಟಿಕ್ ಅಥವಾ ಬರಿಯ ಪತ್ರಿಕೆಯ ಹಾಳೆಯ ಮೇಲೆ ಬೆಳೆದ ಮರಿಯ ಕಾಲುಗಳು ಎರಡು ಬದಿಗೆ ಜಾರಿ, ಎಲುಬು ಬಲಿಯುವ ವಯಸ್ಸಿನಲ್ಲಿ ಹಾಗೆಯೇ ಅಗಲಿ ನಿಂತುಬಿಡುತ್ತವೆ. ಮೊದಲ ವಾರಗಳಲ್ಲೇ ಕಂಡುಹಿಡಿದರೆ ಪಟ್ಟಿ ಕಟ್ಟಿ ಸರಿಪಡಿಸಬಹುದು, ತಡವಾದರೆ ಆ ಹಕ್ಕಿ ಬದುಕಿಡೀ ಕುಂಟು. ಒರಟಾದ ಟಿಶ್ಯೂ ಕಾಗದವನ್ನು ಪದರ ಪದರವಾಗಿ ಹಾಸಿ, ಮರಿ ಒತ್ತಿಕೊಂಡು ಕೂರುವಂಥ ಕಿರಿದಾದ ಬಟ್ಟಲಿನಾಕಾರದ ಜಾಗ ಮಾಡಿಕೊಟ್ಟರೆ ಈ ತೊಂದರೆ ಬರುವುದಿಲ್ಲ. ಮರದ ಹೊಟ್ಟು ಬೇಡ. ಮರಿ ಅದನ್ನು ನುಂಗುತ್ತದೆ, ದೂಳು ಉಸಿರಿಗೂ ಹೋಗುತ್ತದೆ. ಪೊಟರೆಯ ಕತ್ತಲಲ್ಲಿ ಬೆಳೆಯಬೇಕಾದ ಜೀವಕ್ಕೆ ಇಡೀ ದಿನ ಉರಿಯುವ ಬಲ್ಬಿನ ಬೆಳಕೂ ಹಿಂಸೆಯೇ.

ಇನ್ನು ಹಾಲು ಮತ್ತು ಬ್ರೆಡ್. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸಿಕೊಳ್ಳಲು ಬೇಕಾದ ಕಿಣ್ವ ಹಕ್ಕಿಗಳಲ್ಲಿ ಇಲ್ಲ. ಸಸ್ತನಿಗಳು ಮಾತ್ರ ಹಾಲೂಡಿಸುವ ಜೀವಿಗಳಾಗಿರುವಾಗ, ಹಾಲನ್ನೇ ಕಾಣದ ಹಕ್ಕಿಯ ಕುಲಕ್ಕೆ ಅಂಥ ಕಿಣ್ವದ ಅಗತ್ಯವಾದರೂ ಏಕೆ ಬಂದೀತು? ಹಾಲು ಕುಡಿದ ಮರಿ ಭೇದಿಯಾಗಿ ಮೈಯ ನೀರನ್ನು ಕಳೆದುಕೊಳ್ಳುತ್ತದೆ. ಬ್ರೆಡ್ಡು, ಬಿಸ್ಕತ್ತುಗಳಿಂದ ಹೊಟ್ಟೆ ತುಂಬಬಹುದೇ ಹೊರತು, ಕೆಲವೇ ವಾರಗಳಲ್ಲಿ ಹಲವು ಪಟ್ಟು ಬೆಳೆಯಬೇಕಾದ ದೇಹಕ್ಕೆ ಬೇಕಾದ ಪ್ರೋಟೀನ್, ಕ್ಯಾಲ್ಸಿಯಂ, ವಿಟಮಿನ್‌ಗಳು ಸಿಗುವುದಿಲ್ಲ. ಇಂಥ ಆಹಾರದಲ್ಲಿ ಬೆಳೆದ ಮರಿಯ ಎಲುಬುಗಳು ಮೆತ್ತಗಾಗಿ ಡೊಂಕಾಗುತ್ತವೆ. ಎತ್ತಿಕೊಳ್ಳುವಾಗ ಮುರಿದದ್ದೂ ಉಂಟು. ಮನುಷ್ಯರ ಶಿಶುಗಳಿಗೆಂದು ಮಾಡಿದ ಪುಡಿಗಳೂ ಹಕ್ಕಿಗೆ ಹೊಂದುವುದಿಲ್ಲ. ಗಿಳಿಮರಿಗಳಿಗೆಂದೇ ತಯಾರಿಸಿದ ಹ್ಯಾಂಡ್ ಫೀಡಿಂಗ್ ಪುಡಿಗಳಿವೆ, ಅವನ್ನೇ ಬಳಸಬೇಕು. ಅವುಗಳಲ್ಲಿ ಬೇಕಾದ ಪೋಷಕಾಂಶಗಳು ಲೆಕ್ಕ ಹಾಕಿಯೇ ಸೇರಿರುವುದರಿಂದ ಮೇಲಿಂದ ಟಾನಿಕ್ಕು, ವಿಟಮಿನ್ ಹನಿಗಳನ್ನು ಬೆರೆಸುವುದು ಅಪಾಯ. ವಿಟಮಿನ್ ಡಿ ಅತಿಯಾದರೆ ಮೂತ್ರಪಿಂಡಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತದೆ, ಮಕಾವ್ ಮರಿಗಳಿಗೆ ಇದು ವಿಶೇಷವಾಗಿ ಮಾರಕ. ಮೊದಲ ದಿನಗಳಲ್ಲಿ ಬಹಳ ತೆಳ್ಳಗೆ, ಬೆಳೆದಂತೆ ಗಟ್ಟಿಯಾಗಿ ಕಲಸುವ ಅಳತೆಯನ್ನು ಪೊಟ್ಟಣದ ಮೇಲೆ ಬರೆದಿರುತ್ತಾರೆ. ಪ್ರತಿ ಸಲವೂ ಹೊಸದಾಗಿ ಕಲಸಬೇಕು, ಉಳಿದದ್ದನ್ನು ಚೆಲ್ಲಬೇಕು. ಉಳಿತಾಯಕ್ಕೆ ಇದು ಜಾಗವಲ್ಲ.

ಆಹಾರದ ಬಿಸಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ತಡೆಯಬಹುದಾದ ಸಾವುಗಳಲ್ಲಿ ಹಲವು ಇಲ್ಲಿಂದಲೇ ಶುರುವಾಗುತ್ತವೆ. ಕಲಸಿದ ಆಹಾರ ಮರಿಯ ಬಾಯಿ ಸೇರುವಾಗ 39ರಿಂದ 41 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ಮರಿ ಬೇಡವೆನ್ನುತ್ತದೆ, ತಿಂದರೂ ಜೀರ್ಣ ನಿಧಾನವಾಗುತ್ತದೆ. 43 ಡಿಗ್ರಿ ದಾಟಿದರೆ ಕತ್ತಿನ ಬುಡದಲ್ಲಿರುವ, ನುಂಗಿದ ಆಹಾರ ಮೊದಲು ಬಂದು ತಂಗುವ ಕ್ರಾಪ್ ಎಂಬ ತೆಳುವಾದ ಚೀಲ ಸುಡುತ್ತದೆ. ಸುಟ್ಟ ತಕ್ಷಣ ಏನೂ ಕಾಣುವುದಿಲ್ಲ. ಮರಿ ಎಂದಿನಂತೆ ತಿನ್ನುತ್ತದೆ, ಕೂಗುತ್ತದೆ. ಕೆಲವು ದಿನಗಳ ಬಳಿಕ ಎದೆಯ ಮೇಲ್ಭಾಗದಲ್ಲಿ ಚರ್ಮ ಕೆಂಪಾಗಿ, ಹಕ್ಕಳೆ ಕಟ್ಟಿ, ಕೊನೆಗೆ ಅಲ್ಲೊಂದು ತೂತು ಬಿದ್ದು ಕೊಟ್ಟ ಆಹಾರವೆಲ್ಲ ಹೊರಗೆ ಸೋರುವಾಗ ಗಾಬರಿಯಿಂದ ಓಡಿಬರುತ್ತಾರೆ. ಆ ಹೊತ್ತಿಗೆ ಶಸ್ತ್ರಚಿಕಿತ್ಸೆಯೊಂದೇ ದಾರಿ. ಮೈಕ್ರೋವೇವ್‌ನಲ್ಲಿ ಬಿಸಿಮಾಡಿದ ಆಹಾರದಲ್ಲಿ ಮೇಲೆ ಉಗುರುಬೆಚ್ಚಗೆ, ನಡುವೆ ಕುದಿಯುವಷ್ಟು ಬಿಸಿ ಇರುವ ಗಂಟುಗಳು ಉಳಿದಿರುತ್ತವೆ. ಆದ್ದರಿಂದ ಆಹಾರವನ್ನು ನೇರವಾಗಿ ಅದರಲ್ಲಿಟ್ಟು ಬಿಸಿ ಮಾಡಲೇಬಾರದು. ಬಿಸಿನೀರಿನಲ್ಲಿ ಕಲಸಿ, ಚೆನ್ನಾಗಿ ತಿರುವಿ, ಥರ್ಮಾಮೀಟರ್ ಅದ್ದಿ ನೋಡಬೇಕು. ಮುಂಗೈ ಮೇಲೆ ಹನಿ ಬಿಟ್ಟು ನೋಡುವ ಕ್ರಮವನ್ನು ನಾನು ನೆಚ್ಚುವುದಿಲ್ಲ, ಅಡುಗೆಮನೆಯಲ್ಲಿ ಪಳಗಿದ ಕೈಗೆ 45 ಡಿಗ್ರಿಯೂ ಹಿತವೆನಿಸಬಹುದು.

ತಿನ್ನಿಸುವಾಗ ಮರಿಯನ್ನು ಸಮತಟ್ಟಾದ, ಜಾರದ ಜಾಗದಲ್ಲಿ ನೆಟ್ಟಗೆ ಕೂರಿಸಿಕೊಳ್ಳಬೇಕು. ಅಂಗಾತ ಮಲಗಿಸಿ ಎಂದಿಗೂ ಅಲ್ಲ. ಹಕ್ಕಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ತೆರೆದಿರುತ್ತದೆ, ಅನ್ನನಾಳ ಕತ್ತಿನ ಬಲಬದಿಯಲ್ಲಿ ಇಳಿಯುತ್ತದೆ. ಅದಕ್ಕಾಗಿಯೇ ಸಿರಿಂಜಿನ ತುದಿಯನ್ನು ಮರಿಯ ಎಡಬಾಯಿಯ ಕಡೆಯಿಂದ ತಂದು ಅದರ ಬಲಬದಿಯತ್ತ ತಿರುಗಿಸಿ ಹಿಡಿಯುತ್ತೇವೆ. ಹಸಿದ ಆರೋಗ್ಯವಂತ ಮರಿ ಕೊಕ್ಕಿನ ಬದಿಗಳನ್ನು ಮುಟ್ಟಿದೊಡನೆ ತಲೆಯನ್ನು ಮೇಲೆ ಕೆಳಗೆ ಜೋರಾಗಿ ಆಡಿಸತೊಡಗುತ್ತದೆ. ಹಾಗೆ ಆಡಿಸುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಂಡಿರುವುದರಿಂದ ಆ ಹೊತ್ತಿನಲ್ಲಿ, ಅದರ ಲಯಕ್ಕೆ ಹೊಂದಿಕೊಂಡು ಆಹಾರ ಬಿಡಬೇಕು. ತಲೆ ಆಡಿಸುವುದನ್ನು ನಿಲ್ಲಿಸಿದರೆ ನಾವೂ ನಿಲ್ಲಿಸಬೇಕು. ಒಲ್ಲದ ಬಾಯಿಗೆ ಒತ್ತಾಯದಿಂದ ಸುರಿದ ಒಂದೇ ಒಂದು ಹನಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಜಾಸ್ತಿ ಹೋದರೆ ಕೈಯಲ್ಲೇ ಪ್ರಾಣ ಹೋಗುತ್ತದೆ. ಬಾಯಾರಿದೆ ಎಂದು ಡ್ರಾಪರ್‌ನಲ್ಲಿ ಬರಿಯ ನೀರು ಹಾಕುವುದೂ ಇದೇ ಕಾರಣಕ್ಕೆ ತಪ್ಪು. ಬೇಕಾದ ನೀರು ಕಲಸಿದ ಆಹಾರದಲ್ಲೇ ಇದೆ. ಸಿರಿಂಜ್ ಬಳಸಲು ಅಳುಕುವವರು ಅಂಚುಗಳನ್ನು ಒಳಕ್ಕೆ ಬಾಗಿಸಿದ ಚಮಚದಿಂದ ತಿನ್ನಿಸಬಹುದು, ನಿಧಾನವಾದರೂ ಸುರಕ್ಷಿತ. ನಳಿಕೆಯನ್ನು ಗಂಟಲೊಳಗೆ ಇಳಿಸುವ ಕ್ರಮ ಮಾತ್ರ ಕಲಿತವರಿಗೇ ಇರಲಿ.

ಎಷ್ಟು ಸಲ, ಎಷ್ಟೆಷ್ಟು ಎಂಬುದು ವಯಸ್ಸು ಮತ್ತು ಜಾತಿಯನ್ನು ಅವಲಂಬಿಸಿದೆ. ಸಾಮಾನ್ಯವಾಗಿ ಮೊದಲ ವಾರದಲ್ಲಿ ರಾತ್ರಿಯೂ ಸೇರಿ ಎರಡು ಮೂರು ಗಂಟೆಗೊಮ್ಮೆ, ಕಣ್ಣು ಬಿಟ್ಟ ಮೇಲೆ ನಾಲ್ಕೈದು ಗಂಟೆಗೊಮ್ಮೆ, ಗರಿ ತುಂಬಿದ ಮೇಲೆ ದಿನಕ್ಕೆ ಎರಡು ಮೂರು ಸಲ ಕೊಡುತ್ತಾರೆ. ಒಂದು ಸಲಕ್ಕೆ ಮರಿಯ ತೂಕದ ಹತ್ತನೆಯ ಒಂದು ಭಾಗ ಎಂಬುದು ಸ್ಥೂಲವಾದ ಅಳತೆ. 80 ಗ್ರಾಂ ತೂಗುವ ಮರಿಗೆ ಸುಮಾರು 8 ಮಿಲಿಲೀಟರ್. ಮರಿಯ ಕೂಗನ್ನು ಹಸಿವಿನ ಅಳತೆಗೋಲಾಗಿ ನಂಬಬಾರದು, ಕ್ರಾಪ್ ತುಂಬಿದ್ದರೂ ಬೇಡುವ ಮರಿಗಳಿವೆ. ಆ ಚೀಲ ತುಂಬಿದಾಗ ಮೆತ್ತಗೆ, ದುಂಡಗೆ ಕಾಣಬೇಕು. ಬಿಗಿಯಾಗಿ ಜೋತುಬೀಳುವಷ್ಟು ತುಂಬಬಾರದು. ದಿನದಲ್ಲಿ ಒಮ್ಮೆ, ಸಾಮಾನ್ಯವಾಗಿ ಬೆಳಗಿನ ಜಾವಕ್ಕೆ, ಅದು ಪೂರ್ತಿ ಖಾಲಿಯಾಗಲೇಬೇಕು. ಹಳೆಯದರ ಮೇಲೆ ಹೊಸದನ್ನು ತುಂಬುತ್ತ ಹೋದರೆ ಒಳಗಿನದು ಹುಳಿಯುತ್ತದೆ, ಕ್ಯಾಂಡಿಡಾ ಎಂಬ ಯೀಸ್ಟ್ ಬೆಳೆಯುತ್ತದೆ, ಬಾಯಿಂದ ಹುಳಿ ವಾಸನೆ ಬರುತ್ತದೆ. ಬೆಳಿಗ್ಗೆಯೂ ಕ್ರಾಪ್ ಖಾಲಿಯಾಗದಿದ್ದರೆ ಮನೆಮದ್ದು ಹುಡುಕುತ್ತ, ಚೀಲವನ್ನು ಒತ್ತಿ ಹಿಸುಕುತ್ತ ಕೂರದೆ ಅದೇ ದಿನ ವೈದ್ಯರ ಬಳಿಗೆ ಒಯ್ಯಬೇಕು. ಮಾರನೆಯ ದಿನಕ್ಕೆ ತಡವಾಗಿರುತ್ತದೆ.

ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಿಲ್ಲದೆ ಗಿಳಿಮರಿ ಸಾಕಲು ಹೊರಡುವುದು ಬೇಡ. ಪ್ರತಿದಿನ ಬೆಳಿಗ್ಗೆ ಮೊದಲ ಗುಟುಕಿಗೆ ಮುಂಚೆ ತೂಗಿ ಬರೆದಿಡಬೇಕು. ಬೆಳೆಯುವ ವಯಸ್ಸಿನಲ್ಲಿ ತೂಕ ದಿನದಿನವೂ ಏರಬೇಕು. ಒಂದು ದಿನ ಏರದೆ ನಿಂತರೂ ಅದು ಎಚ್ಚರಿಕೆ, ಇಳಿದರೆ ಕಾಯಿಲೆ. ಗರಿಯಿಲ್ಲದ ಮರಿಯ ಚರ್ಮ ನಸುಗೆಂಪು ಮಿಶ್ರಿತ ಹಳದಿಯಾಗಿ, ಮೃದುವಾಗಿರುತ್ತದೆ. ಅದು ಕಡುಗೆಂಪಾಗಿ, ಒಣಗಿ ಸುಕ್ಕಾಗಿ ಕಂಡರೆ ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ. ಮೈಗೆ ಹೋಲಿಸಿದರೆ ತಲೆ ದೊಡ್ಡದಾಗಿ, ಬೆರಳು ಮತ್ತು ರೆಕ್ಕೆಗಳು ತೀರ ಸೊರಗಿ ಕಾಣುವ ಮರಿ ಬಹುದಿನಗಳಿಂದ ಅರೆಹೊಟ್ಟೆಯಲ್ಲಿದೆ ಎಂದೇ ಅರ್ಥ. ಪಾತ್ರೆ, ಸಿರಿಂಜುಗಳನ್ನು ಪ್ರತಿ ಸಲ ತೊಳೆದು ಸೋಂಕುರಹಿತ ಮಾಡುವುದು, ಕೈ ತೊಳೆಯುವುದು, ತಮ್ಮ ಬಾಯಿಂದ ಅಗಿದು ಕೊಡದಿರುವುದು ಇವನ್ನು ವಿವರಿಸಬೇಕಾಗಿಲ್ಲ. ಗಿಳಿಗಳಿಂದ ಮನುಷ್ಯರಿಗೆ ಹರಡಬಲ್ಲ ಸಿಟಕೋಸಿಸ್ ಎಂಬ ಸೋಂಕು ಇರುವುದರಿಂದ, ಒಣಗಿದ ಹಿಕ್ಕೆಯನ್ನು ಗುಡಿಸಿ ದೂಳೆಬ್ಬಿಸದೆ ಒದ್ದೆ ಮಾಡಿ ಒರೆಸಬೇಕೆಂಬುದನ್ನು ಮಾತ್ರ ಸೇರಿಸುತ್ತೇನೆ.

ಗುಟುಕು ಬಿಡಿಸುವ ಹಂತದಲ್ಲಿ ಬೇರೆಯದೇ ಬಗೆಯ ತಪ್ಪು ನಡೆಯುತ್ತದೆ. ಇಷ್ಟು ವಾರವಾಯಿತು, ಇನ್ನು ತಾನೇ ತಿನ್ನಲಿ ಎಂದು ಕ್ಯಾಲೆಂಡರ್ ನೋಡಿ ತಿನ್ನಿಸುವುದನ್ನು ನಿಲ್ಲಿಸುತ್ತಾರೆ, ಹಸಿದರೆ ಕಲಿಯುತ್ತದೆ ಎನ್ನುತ್ತಾರೆ. ಹಸಿದ ಮರಿ ಕಲಿಯುವುದಿಲ್ಲ, ಬೇಡುತ್ತ ಸೊರಗುತ್ತದೆ. ಆಗ ಅಂಟಿದ ಆತಂಕ ಬೆಳೆದ ಮೇಲೂ ಬಿಡುವುದಿಲ್ಲ. ರೆಕ್ಕೆ ಬಲಿತು ಹಾರಾಟಕ್ಕೆ ಅಣಿಯಾಗುವಾಗ ಮರಿ ತಾನಾಗಿಯೇ ಆಹಾರಕ್ಕೆ ಬೆನ್ನು ಮಾಡುತ್ತದೆ, ತೂಕ ಶೇಕಡ 10ರಷ್ಟು ಇಳಿಯುವುದು ಈ ಹಂತದಲ್ಲಿ ಸಹಜ. ಅದಕ್ಕೂ ಮುನ್ನವೇ ಮರಿಯ ಎದುರಿಗೆ ತಗ್ಗಾದ ತಟ್ಟೆಯಲ್ಲಿ ನೆನೆಸಿದ ಪೆಲೆಟ್ (ಗಿಳಿಗಳಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ), ಬೇಯಿಸಿ ಆರಿಸಿದ ಧಾನ್ಯ, ಮೊಳಕೆ ಕಾಳು, ಸಣ್ಣಗೆ ಹೆಚ್ಚಿದ ಸೊಪ್ಪು ತರಕಾರಿಗಳನ್ನು ಇಡುತ್ತ ಬರಬೇಕು. ಮೊದಮೊದಲು ಅದು ತುಳಿಯುತ್ತದೆ, ಕಚ್ಚಿ ಬಿಸಾಡುತ್ತದೆ, ಆಮೇಲೆ ರುಚಿ ನೋಡುತ್ತದೆ. ಹಗಲಿನ ಗುಟುಕುಗಳನ್ನು ಒಂದೊಂದಾಗಿ ತೂಕ ನೋಡಿಕೊಂಡು ಬಿಡಿಸಬೇಕು, ಮಲಗುವ ಮುನ್ನಿನದು ಎಲ್ಲಕ್ಕಿಂತ ಕೊನೆಗೆ. ಕಲಿತ ಮರಿಯೂ ಹೊಸ ಜಾಗಕ್ಕೆ ಹೋದಾಗ ಮತ್ತೆ ಬಾಯ್ದೆರೆದು ಬೇಡಬಹುದು; ಆಗ ಕೆಲವು ದಿನ ತಿನ್ನಿಸಿದರೆ ಅದು ಕೆಟ್ಟ ಅಭ್ಯಾಸವಾಗುವುದಿಲ್ಲ. ಹಾರಲು ಕಲಿಯುವ ಮೊದಲೇ ರೆಕ್ಕೆ ಕತ್ತರಿಸುವ ಪದ್ಧತಿಯನ್ನು ನಾನು ವಿರೋಧಿಸುತ್ತೇನೆ, ಬೀಳುತ್ತ ಏಳುತ್ತ ಕಲಿತ ಸಮತೋಲನವೇ ಅದರ ಧೈರ್ಯ.

ತಾನೇ ತಿನ್ನತೊಡಗಿದ ಮೇಲೆ ಬರಿಯ ಸೂರ್ಯಕಾಂತಿ ಬೀಜದ ಮೇಲೆ ಬೆಳೆಸುವವರಿದ್ದಾರೆ. ಅದರಲ್ಲಿ ಕೊಬ್ಬು ಹೆಚ್ಚು. ವಿಟಮಿನ್ ಎ ಮತ್ತು ಕ್ಯಾಲ್ಸಿಯಂ ತೀರ ಕಡಿಮೆ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಚಹಾ, ಮದ್ಯ, ಈರುಳ್ಳಿ, ಉಪ್ಪು ಹಾಕಿದ ತಿಂಡಿಗಳು ಗಿಳಿಗೆ ವಿಷ ಅಥವಾ ವಿಷಕ್ಕೆ ಸಮ. ತಿನ್ನದಿದ್ದರೂ ಕೊಲ್ಲುವಂಥದ್ದು ಇನ್ನೊಂದಿದೆ: ನಾನ್‌ಸ್ಟಿಕ್ ಬಾಣಲೆ ಒಲೆಯ ಮೇಲೆ ಅತಿಯಾಗಿ ಕಾದಾಗ ಏಳುವ ಹೊಗೆ. ಮನೆಯವರಿಗೆ ವಾಸನೆಯೂ ತಿಳಿಯುವ ಮುಂಚೆ ಹಕ್ಕಿ ಸತ್ತಿರುತ್ತದೆ. ಮರಿಯ ಪೆಟ್ಟಿಗೆಯನ್ನು ಬೆಚ್ಚಗಿರುತ್ತದೆಂದು ಅಡುಗೆಮನೆಯಲ್ಲಿ ಇಡುವವರು ಇದನ್ನು ಗಮನಿಸಬೇಕು.

ಕಾಡಿನ ಪೊಟರೆಯಿಂದ ಇಳಿಸಿ ತಂದ ಮರಿಗಳ ಮಾರಾಟ ಬೇರೆಯೇ ಅಪರಾಧ. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವು ಬೆರಳೆಣಿಕೆಯ ಜಾತಿಗಳನ್ನು ಬಿಟ್ಟು ಜಗತ್ತಿನ ಎಲ್ಲ ಗಿಳಿಗಳನ್ನೂ ತನ್ನ ಪಟ್ಟಿಗಳಲ್ಲಿ ಸೇರಿಸಿದೆ. ಸಾಕುಪಕ್ಷಿ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಕಾಡಿನಲ್ಲಿ ಕಡಿಮೆಯಾದ ಆಫ್ರಿಕನ್ ಗ್ರೇಯನ್ನು 2016ರಲ್ಲಿ ಅತ್ಯಂತ ಕಟ್ಟುನಿಟ್ಟಿನ ಮೊದಲನೆಯ ಪಟ್ಟಿಗೆ ಏರಿಸಲಾಯಿತು. ಕಾನೂನುಬದ್ಧವಾಗಿ ಸಾಕಣೆಯಲ್ಲಿ ಹುಟ್ಟಿದ ಮರಿಗಳ ವಿಷಯದಲ್ಲೂ, ತಾನೇ ತಿನ್ನಲು ಕಲಿಯದ ಮರಿಯನ್ನು ಮಾರುವುದನ್ನು ಮಾರುವವರು ನಿಲ್ಲಿಸಬೇಕು. ಅವರು ನಿಲ್ಲಿಸುವವರೆಗೆ ಕೊಳ್ಳುವವರಾದರೂ ನಿರಾಕರಿಸಬೇಕು. ಮರಿ ಎದುರಿಗೇ ತಾನಾಗಿ ತಿನ್ನುವುದನ್ನು ಒಂದಕ್ಕಿಂತ ಹೆಚ್ಚು ಸಲ ಬೇರೆ ಬೇರೆ ದಿನಗಳಲ್ಲಿ ನೋಡುವುದು, ಅದರ ದಿನದಿನದ ತೂಕದ ಬರಹವನ್ನು ಕೇಳಿ ಪಡೆಯುವುದು, ಈವರೆಗೆ ತಿನ್ನುತ್ತಿದ್ದ ಆಹಾರದ ಹೆಸರನ್ನು ಬರೆಸಿಕೊಳ್ಳುವುದು ಇವಕ್ಕೆ ಒಪ್ಪದ ಮಾರಾಟಗಾರನಿಂದ ಕೊಳ್ಳದಿರುವುದೇ ಲೇಸು.

ಪುರವಣಿಯ ಮುಂದಿನ ಸಂಚಿಕೆಯಲ್ಲಿ ಹಾಲು ಮತ್ತು ಬ್ರೆಡ್ಡಿನ ಸಲಹೆಯನ್ನು ಹಿಂತೆಗೆದುಕೊಂಡು ಸ್ಪಷ್ಟನೆ ಪ್ರಕಟಿಸಬೇಕೆಂದು, ಆ ಬರಹವನ್ನು ಓದಿ ಈಗಾಗಲೇ ಮರಿಯನ್ನು ತಂದಿರುವವರಿಗೆ ತಲುಪುವಂತೆ ಆ ಸ್ಪಷ್ಟನೆ ಅದೇ ಪುಟದಲ್ಲಿ ಬರಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪಶುವೈದ್ಯ ಓದುಗ